ಉಪಗ್ರಹ, ಹವಾಮಾನ ಅಂತ ಪಿಎಚ್‌.ಡಿ ಮಾಡೋಕೆ ಇಸ್ರೋಗೇ ಸೇರಬೇಕಾ?

ಬಿಇ, ಎಂಎಸ್ಸಿ ಮುಗಿಸುತ್ತಿರುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಹವಾಮಾನ ಬದಲಾವಣೆಯನ್ನು ಉಪಗ್ರಹದ ಮೂಲಕ ಅಧ್ಯಯನ ಮಾಡುವ ಆಸೆ. ಇಸ್ರೋ ಕೆಲಸ ಸಿಗದಿದ್ದರೆ ದಾರಿಯೇ ಇಲ್ಲ ಅನ್ನೋ ಭಯ.

ದಾರಿ ಇದೆ. ಉಪಗ್ರಹ ಹಾರಿಸೋದು ಬೇರೆ, ಅದು ಕಳಿಸಿದ್ದನ್ನು ಓದೋದು ಬೇರೆ. ಓದುವವರಿಗೆ ಈಗ ಮಾಹಿತಿಯ ಬರ ಇಲ್ಲ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 2008ರಿಂದ ಪುಕ್ಕಟೆ. ಯುರೋಪಿನ ಸೆಂಟಿನೆಲ್ ಉಪಗ್ರಹಗಳದ್ದೂ ಹಾಗೇ. ನಮ್ಮ ಇನ್ಸಾಟ್ ಕಂಡ ಮೋಡಗಳು ಬೇಕಾದರೆ ಇಸ್ರೋದ ಮೊಸ್ಡ್ಯಾಕ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರಾಯಿತು.

ಬರ ಇರೋದು ಒಳ್ಳೆಯ ಪ್ರಶ್ನೆಗಳಿಗೆ. ‘ರಿಮೋಟ್ ಸೆನ್ಸಿಂಗ್ (ದೂರದಿಂದಲೇ ಭೂಮಿಯನ್ನು ಅಳೆಯೋದು) ಮತ್ತು ಹವಾಮಾನ ಬದಲಾವಣೆ’ ಅಂದರೆ ಅದು ಬರೀ ತಲೆಬರಹ. ಉಪಗ್ರಹ ಎಲ್ಲಿ ಎಡವುತ್ತದೆ ಅಂತ ಹುಡುಕಿ, ಅಲ್ಲಿಂದ ಶುರು ಮಾಡಿ ಅನ್ನೋದು ನನ್ನ ಮಾತು.

ಆಗುಂಬೆಯನ್ನೇ ನೋಡಿ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ಆದರೂ ಪಶ್ಚಿಮ ಘಟ್ಟದ ಮಳೆಯನ್ನು ಉಪಗ್ರಹಗಳು ಎಷ್ಟೋ ಸಲ ಕಡಿಮೆ ತೋರಿಸುತ್ತವೆ. ಅರಬ್ಬಿ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ, ಮೋಡ ಹೆಚ್ಚು ಎತ್ತರ ಬೆಳೆಯುವ ಮೊದಲೇ ಸುರಿದುಬಿಡುತ್ತದೆ. ಉಪಗ್ರಹದ ಅವಗೆಂಪು (ಇನ್‌ಫ್ರಾರೆಡ್, ಅಂದರೆ ಶಾಖ ನೋಡುವ) ಕಣ್ಣಿಗೆ ಮೋಡದ ತುದಿ ತಣ್ಣಗಿದ್ದರೆ ಮಾತ್ರ ಜೋರು ಮಳೆ ಅಂತ ಲೆಕ್ಕ. ಇಲ್ಲಿನ ಮೋಡದ ತುದಿ ಅಷ್ಟು ತಣ್ಣಗಿರೋಲ್ಲ. ಮೈಕ್ರೋವೇವ್ ಉಪಕರಣ ನೆಲದ ಮೇಲಿನ ಮಳೆಯನ್ನು ಬಹುಮಟ್ಟಿಗೆ ಮೋಡದೊಳಗಿನ ಹಿಮಹರಳು ನೋಡಿ ಅಂದಾಜಿಸುತ್ತದೆ. ಅದೂ ಇಲ್ಲಿ ಕಡಿಮೆ. ಎರಡಕ್ಕೂ ಟೋಪಿ! ಈ ತಪ್ಪು ಎಷ್ಟು, ಯಾವ ತಿಂಗಳು, ಯಾವ ಎತ್ತರದಲ್ಲಿ? ಹೋಲಿಸಿ ನೋಡೋಕೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಇಂಥ ಸೌಲಭ್ಯ ಎಲ್ಲ ಕಡೆ ಇಲ್ಲ ಕಣ್ರೀ.

ಅಂತರ್ಜಲದ್ದೂ ಇದೇ ಕಥೆ. 2002ರಲ್ಲಿ ಹಾರಿದ ಗ್ರೇಸ್ ಜೋಡಿ ಉಪಗ್ರಹಗಳು ಗುರುತ್ವ ಅಳೆದೇ ನೀರಿನ ಲೆಕ್ಕ ಹೇಳಿದವು: ನೀರು ಬರಿದಾದಲ್ಲಿ ಗುರುತ್ವದ ಸೆಳೆತವೂ ಕೊಂಚ ತಗ್ಗುತ್ತದೆ. ರಾಜಸ್ಥಾನ, ಪಂಜಾಬ್, ಹರಿಯಾಣದಲ್ಲಿ 2002ರಿಂದ 2008ರ ನಡುವೆ 109 ಘನ ಕಿ.ಮೀ. ಅಂತರ್ಜಲ ಬರಿದಾಗಿದೆ ಅಂತ 2009ರಲ್ಲಿ ಗೊತ್ತಾದದ್ದು ಹಾಗೆ. ಆದರೆ ಗ್ರೇಸ್‌ಗೆ ಕಾಣೋದು ನೂರಾರು ಕಿ.ಮೀ. ಅಗಲದ ಪ್ರದೇಶ. ಕೋಲಾರದ ಒಂದು ತಾಲ್ಲೂಕಿನ ಕೊಳವೆಬಾವಿಗಳ ಗತಿ ಅದಕ್ಕೆ ತಿಳಿಯೋಲ್ಲ.

ಎಲ್ಲಿ ಮಾಡೋದು? ಬೆಂಗಳೂರಿನ ಐಐಎಸ್‌ಸಿಯಲ್ಲಿ ವಾಯುಮಂಡಲ ಮತ್ತು ಸಾಗರ ವಿಜ್ಞಾನದ ಕೇಂದ್ರವೇ ಇದೆ. ಪುಣೆಯ ಐಐಟಿಎಂ (ಉಷ್ಣವಲಯದ ಹವಾಮಾನ ಸಂಸ್ಥೆ), ಅಹಮದಾಬಾದಿನ ಪಿಆರ್‌ಎಲ್ (ಭೌತವಿಜ್ಞಾನ ಸಂಶೋಧನಾಲಯ) ಕೂಡ ನೋಡಿ. ಸಾಮಾನ್ಯವಾಗಿ ನೆಟ್ ಅಥವಾ ಗೇಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಆಮೇಲೆ ಸಂದರ್ಶನ. ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಮೊತ್ತ 2023ರಿಂದ ತಿಂಗಳಿಗೆ 37,000 ರೂಪಾಯಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿತುಕೊಳ್ಳಿ. ಮಷೀನ್ ಲರ್ನಿಂಗ್ ಆಮೇಲೆ ಕಲಿತರೂ ನಡೆಯುತ್ತೆ, ಭೌತಶಾಸ್ತ್ರ ಬಿಟ್ಟರೆ ನಡೆಯಲ್ಲ.

ನಾನು ಈಗ ಹೊಸದಾಗಿ ಸೇರುವವನಾಗಿದ್ದರೆ ನೈಸಾರ್ ಹಿಂದೆ ಬೀಳುತ್ತಿದ್ದೆ. ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಹಾರಿಸಿದ ರೇಡಾರ್ ಉಪಗ್ರಹ. ಅದಕ್ಕೆ ಮೋಡ ಅಡ್ಡಿಯಲ್ಲ. 12 ದಿನಕ್ಕೊಮ್ಮೆ ಅದೇ ಹಾದಿಗೆ ವಾಪಸ್ ಬರುತ್ತದೆ, ನೆಲ ಒಂದೆರಡು ಸೆಂಟಿಮೀಟರ್ ಸರಿದರೂ ಹಿಡಿಯಬಲ್ಲದು. ಮಳೆಗಾಲದಲ್ಲಿ ಕುಸಿಯುವ ಕೊಡಗಿನ ಗುಡ್ಡಗಳಿಗೆ ಬೇಕಾದ್ದು ಇದೇ ಅಲ್ವಾ?