ಪೇಲೋಡ್ ಲೆಕ್ಕ ಕೂಡಿಸಲು ಜನರೇಟರನ್ನು ಹಿಂದಕ್ಕೆ ತಳ್ಳಿದ ದಿನ

ಅಮೆರಿಕದ ಕೊಲರಾಡೋದ ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗದಿಂದ ಪಶ್ಚಿಮಕ್ಕೆ ಹೊರಬಿದ್ದರೆ ಸಿಲ್ವರ್‌ಥಾರ್ನ್‌ವರೆಗೆ ಸುಮಾರು 8 ಮೈಲಿ ಇಳಿಜಾರೇ, ಶೇ 7ರಷ್ಟು ಕಡಿದು. ನಮ್ಮ 20 ಅಡಿಯ ಮುಚ್ಚಿದ ಟ್ರೈಲರ್ ಅಲ್ಲಾಡತೊಡಗಿದ್ದು ಅಲ್ಲಿ. ಆ ದಿನ ಲೋಡ್ ಜೋಡಿಸಿದ್ದು ನಾನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಟ್ರಕ್ಕು ಹಾಫ್-ಟನ್ ಎಂದು ಕರೆಯುವ ಹಗುರ ದರ್ಜೆಯ ಪಿಕಪ್, 3.5 ಲೀಟರ್ ಟ್ವಿನ್ ಟರ್ಬೊ ವಿ6. 400 ಅಶ್ವಶಕ್ತಿ, 500 ಪೌಂಡ್-ಅಡಿ ಟಾರ್ಕ್. ಈ ಎತ್ತರಕ್ಕೆ ಎಂಜಿನ್ ಆಯ್ಕೆ ತಪ್ಪಲ್ಲ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮೆ ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 11,000 ಅಡಿಯ ಸುರಂಗದ ಬಾಯಿಗೆ ಬರುವಷ್ಟರಲ್ಲಿ ಮೂರರಲ್ಲೊಂದು ಪಾಲು ಹೋಗಿರುತ್ತದೆ. ಟರ್ಬೊ ಆ ನಷ್ಟವನ್ನು ಬಹುಪಾಲು ತುಂಬಿಕೊಡುತ್ತದೆ. ಏರುವಾಗ ಗಾಡಿ ಎಲ್ಲೂ ಮುಕ್ಕರಿಯಲಿಲ್ಲ. ಎಳೆಯುವ ತಾಕತ್ತಿದ್ದರೆ ಉಳಿದದ್ದೆಲ್ಲ ನಡೆಯುತ್ತದೆ ಎಂಬ ಧೈರ್ಯ ಬಂದದ್ದೂ ಅದರಿಂದಲೇ.

ಖರೀದಿ ವಿಭಾಗದವರು ನೋಡಿದ್ದು ಬ್ರೋಷರ್‌ನ 11,300 ಪೌಂಡ್ ಟೋ ರೇಟಿಂಗ್, ಅಂದರೆ ಎಳೆಯಬಹುದಾದ ತೂಕ, ಒಂದನ್ನೇ. ಲೋಡಾದ ಟ್ರೈಲರ್ 8,600 ಪೌಂಡ್. ಇನ್ನೂ 2,700 ಮಿಗುತ್ತದೆ ಅಂದರು. ಆ ಅಂಕಿ ಎಸ್‌ಎಇ ಜೆ2807 ಎಂಬ ಎಳೆಯುವ ಸಾಮರ್ಥ್ಯದ ಪರೀಕ್ಷೆಯದು. ಅದರಲ್ಲಿ ಟ್ರಕ್ಕಿನೊಳಗೆ ತಲಾ 150 ಪೌಂಡಿನ ಇಬ್ಬರಿಗಷ್ಟೇ ಲೆಕ್ಕ, ಬೆಡ್‌ನಲ್ಲಿ ಸಾಮಾನಿಲ್ಲ. ನಮ್ಮ ಕೆಲಸದ ಟ್ರಕ್ಕು ಯಾವತ್ತೂ ಹಾಗೆ ಹೊರಡುವುದಿಲ್ಲ.

ನಿಜವಾದ ಮಿತಿ ಇರುವುದು ಡ್ರೈವರ್ ಬಾಗಿಲ ಚೌಕಟ್ಟಿನ ಹಳದಿ-ಬಿಳಿ ಸ್ಟಿಕ್ಕರ್‌ನಲ್ಲಿ. ಅದೇ ಪೇಲೋಡ್: ಜನ, ಸಾಮಾನು ಎಲ್ಲ ಸೇರಿ ಟ್ರಕ್ಕು ತನ್ನ ಮೇಲೆ ಹೊರಬಹುದಾದ ತೂಕ. ನಮ್ಮದರಲ್ಲಿ 1,480 ಪೌಂಡ್ ಅಂತಿತ್ತು. ಇಬ್ಬರು ಮನುಷ್ಯರು 380, ಬೆಡ್‌ನಲ್ಲಿ ಕೇಬಲ್ ಮತ್ತು ಟೂಲ್‌ಬಾಕ್ಸ್ 350, ಟ್ರೈಲರ್ ಜೋಡಿಸುವ, ಬಾರ್ ಹಾಕಿ ಭಾರ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ 95. ಇದರ ಮೇಲೆ ಟ್ರೈಲರ್ ಹಿಚ್‌ನ ಮೇಲೆ ಹೇರುವ ಟಂಗ್ ವೇಟ್, 8,600ರ ಶೇ 13 ಅಂದರೆ 1,118. ಒಟ್ಟು 1,943. ಟೋ ರೇಟಿಂಗ್ ಲೆಕ್ಕದಲ್ಲಿ ಮಿಗತೆ, ಸ್ಟಿಕ್ಕರ್ ಲೆಕ್ಕದಲ್ಲಿ 463 ಪೌಂಡ್ ಹೆಚ್ಚು.

ಇಷ್ಟು ಗೊತ್ತಾದ ಮೇಲೆ ಮಾಡಬೇಕಿದ್ದದ್ದು ಡಿಸ್ಪ್ಯಾಚ್‌ಗೆ ಫೋನ್ ಮಾಡಿ ಬೇರೆ ಟ್ರಕ್ಕು ಕೇಳುವುದು. ನಾನು ಮಾಡಿದ್ದು ಟ್ರೈಲರ್ ಒಳಗಿನ 2,400 ಪೌಂಡ್ ಜನರೇಟರಿನ ಕಟ್ಟು ಬಿಚ್ಚಿಸಿ, ಮೂರಡಿಗಿಂತ ತುಸು ಹಿಂದಕ್ಕೆ ಸರಿಸಿ ಮತ್ತೆ ಬಿಗಿಸಿದ್ದು. ಟಂಗ್ ವೇಟ್ 640ಕ್ಕೆ ಇಳಿಯಿತು. ಒಟ್ಟು 1,465. ಕಾಗದದ ಮೇಲೆ 15 ಪೌಂಡ್ ಉಳಿತಾಯ. ಆದರೆ 640 ಎಂದರೆ ಟ್ರೈಲರ್ ತೂಕದ ಶೇ 7.4 ಮಾತ್ರ. ಇರಬೇಕಾದದ್ದು 10ರಿಂದ 15. ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಹೆದ್ದಾರಿ ವೇಗದಲ್ಲಿ ಹಿಂಭಾರದ ಟ್ರೈಲರ್ ಲೋಲಕದಂತೆ ತೂಗುತ್ತದೆ, ಪ್ರತಿ ತೂಗಿಗೂ ಟ್ರಕ್ಕಿನ ಹಿಂಭಾಗವನ್ನು ಅತ್ತಿತ್ತ ಎಳೆಯುತ್ತದೆ.

ಗಂಟೆಗೆ 58 ಮೈಲಿಯಲ್ಲಿದ್ದಾಗ ಎಡಕ್ಕೆ ಒಂದು ಸೆಮಿ, ದೊಡ್ಡ ಸರಕು ಲಾರಿ, ದಾಟಿತು. ಅದರ ಗಾಳಿಯ ಹೊಡೆತಕ್ಕೆ ಮೊದಲ ತೂಗು. ಎರಡನೆಯದು ಇನ್ನಷ್ಟು ಅಗಲ. ಮೂರನೆಯದಕ್ಕೆ ಕನ್ನಡಿಯಲ್ಲಿ ಟ್ರೈಲರಿನ ಇಡೀ ಪಕ್ಕೆ ಕಂಡಿತು. ಚಕ್ರ ಹಿಡಿದಿದ್ದ ಹಿರಿಯ ಡ್ರೈವರ್ ಟ್ರಕ್ಕಿನ ಬ್ರೇಕ್ ಮುಟ್ಟಲಿಲ್ಲ. ಮುಟ್ಟಿದ್ದರೆ ಟ್ರೈಲರ್ ಹಿಂದಿನಿಂದ ನೂಕಿ ಟ್ರಕ್ಕನ್ನು ಮಡಚುತ್ತಿತ್ತು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಬ್ರೇಕ್ ಕಂಟ್ರೋಲರಿನ ಕೈಲಿವರ್ ಮಾತ್ರ ಒತ್ತಿದರು. ಟ್ರೈಲರಿನ ಬ್ರೇಕ್ ಮಾತ್ರ ಹಿಡಿಯಿತು, ಮೂಕಿ ಎಳೆದು ನೇರವಾಯಿತು. ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. ಉಳಿದ ಇಳಿಜಾರನ್ನು ಕೆಳ ಗೇರಿನಲ್ಲಿ 35ರಲ್ಲಿ ಇಳಿದೆವು. ಆ ಲಿವರ್ ಕೆಲಸ ಮಾಡಿದ್ದು, ಅವರು ಬೆಳಿಗ್ಗೆ ಲೋಡಾದ ಟ್ರೈಲರ್‌ನೊಂದಿಗೇ ಸಮತಟ್ಟು ರಸ್ತೆಯಲ್ಲಿ 25 ಮೈಲಿ ವೇಗದಲ್ಲಿ ಗೇನ್, ಅಂದರೆ ಟ್ರೈಲರ್ ಬ್ರೇಕ್ ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದನ್ನು, ಹೊಂದಿಸಿದ್ದರಿಂದ: ಲಿವರ್ ಪೂರ್ತಿ ಒತ್ತಿದಾಗ ಚಕ್ರ ಲಾಕ್ ಆಗುವ ಹಂತಕ್ಕಿಂತ ಸ್ವಲ್ಪ ಕಡಿಮೆ. ಖಾಲಿ ಟ್ರೈಲರಿಗೆ ಇಟ್ಟ ಗೇನ್ ಭರ್ತಿ ಟ್ರೈಲರಿಗೆ ಸಾಲುವುದಿಲ್ಲ.

ಈಗ ಯಾರ್ಡ್‌ನಿಂದ ಹೊಸ ಲೋಡ್ ಹೊರಟರೆ ಮೊದಲು ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲಿಗೆ, ಆಕ್ಸಲ್‌ವಾರು ತೂಕ ತೋರಿಸುವ ವಾಹನ ತಕ್ಕಡಿಗೆ. ಹಿಚ್ ಬಾರ್ ಬಿಚ್ಚಿ ಟ್ರೈಲರ್ ಸಮೇತ ಒಂದು ತೂಕ, ಟ್ರೈಲರ್ ಕಳಚಿ ಟ್ರಕ್ಕಿನದೊಂದೇ ಒಂದು ತೂಕ. ಟ್ರಕ್ಕಿನ ಎರಡು ಆಕ್ಸಲ್‌ಗಳ ಮೊತ್ತದಲ್ಲಿ ಬರುವ ವ್ಯತ್ಯಾಸವೇ ಟಂಗ್ ವೇಟ್. ಆಮೇಲೆ ಬಾರ್ ಹಾಕಿ ಮೂರನೆಯ ತೂಕ, ಮುಂದಿನ ಆಕ್ಸಲ್‌ಗೆ ಎಷ್ಟು ಮರಳಿತು ಎಂದು ನೋಡಲು. ಹಿಚ್ ಚೆಂಡು ಹಿಂದಿನ ಆಕ್ಸಲ್‌ಗಿಂತ ನಾಲ್ಕಡಿ ಹಿಂದಿರುವುದರಿಂದ ಟಂಗ್ ವೇಟ್ ಮುಂದಿನ ಚಕ್ರಗಳನ್ನು ಎತ್ತುತ್ತದೆ. ಬಾರ್ ಅದನ್ನು ಸರಿಪಡಿಸುತ್ತದೆ, ಪೇಲೋಡನ್ನು ಹೆಚ್ಚಿಸುವುದಿಲ್ಲ. ಟ್ರಕ್ಕಿನಡಿ ಹಿಚ್ ಸಿಕ್ಕಿಸುವ ರಿಸೀವರ್‌ ಮೇಲಿನ ಲೇಬಲ್ ಕೂಡ ಓದಿ. ಹಲವು ಹಾಫ್-ಟನ್‌ಗಳಲ್ಲಿ ಬಾರ್ ಇಲ್ಲದೆ 500 ಪೌಂಡ್ ಟಂಗ್ ವೇಟೇ ಗರಿಷ್ಠ.

ಬದಲಿ ಟ್ರಕ್ಕಿಗೆ ಮ್ಯಾನೇಜ್‌ಮೆಂಟ್ ಮತ್ತೆ ಟಾರ್ಕ್ ನೋಡಿ ಒಂದು ದರ್ಜೆ ಮೇಲಿನ ತ್ರೀ-ಕ್ವಾರ್ಟರ್-ಟನ್ ಡೀಸೆಲ್ ಅಂದಿತು. ನಾನು ಒಪ್ಪಲಿಲ್ಲ. ಎಂಜಿನಿನಿಂದಲೇ ವೇಗ ತಗ್ಗಿಸುವ ಅದರ ಎಕ್ಸಾಸ್ಟ್ ಬ್ರೇಕ್ ಇಳಿಜಾರಿಗೆ ಅಮೂಲ್ಯ, ನಿಜ. ಆದರೆ ಡೀಸೆಲ್ ಎಂಜಿನಿನ ಸ್ವಂತ ತೂಕವೇ ನೂರಾರು ಪೌಂಡ್ ಪೇಲೋಡ್ ತಿನ್ನುತ್ತದೆ. ನಮ್ಮ ಟ್ರಕ್ಕು ಸೈಟಿನಲ್ಲಿ ಗಂಟೆಗಟ್ಟಲೆ ಐಡಲ್ ಆಗಿ ನಿಲ್ಲುವುದರಿಂದ ಡೀಸೆಲ್ ಹೊಗೆ ಸೋಸುವ ಡಿಪಿಎಫ್ ಫಿಲ್ಟರ್ ಮಸಿಯಿಂದ ಕಟ್ಟಿಕೊಳ್ಳುತ್ತದೆ. 12,000 ಪೌಂಡ್ ದಿನಾ ಎಳೆಯುವವರಿಗೆ ಡೀಸೆಲ್ ಸರಿ. 8,600ಕ್ಕೆ ಅದೇ ದರ್ಜೆಯ 7.3 ಲೀಟರ್ ಪೆಟ್ರೋಲ್ ವಿ8, 430 ಅಶ್ವಶಕ್ತಿ, ಸಾಕು. ಟರ್ಬೊ ಇಲ್ಲ, ಸುರಂಗದ ಕಡೆ ಬಲಗಡೆ ಲೇನಿನಲ್ಲಿ ನಿಧಾನ ಏರುತ್ತದೆ, ಏರಲಿ. ಡೀಲರ್ ಲಾಟಿನಲ್ಲಿ ಬಾಗಿಲು ತೆರೆದು ಸ್ಟಿಕ್ಕರ್ ಓದಿಯೇ ಆರಿಸಿದೆವು: ಸನ್‌ರೂಫ್ ಇಲ್ಲ, ದೊಡ್ಡ ಚಕ್ರಗಳಿಲ್ಲ, 3,200 ಪೌಂಡ್. ಜನರೇಟರ್ ತನ್ನ ಹಳೆಯ ಜಾಗಕ್ಕೆ ಮರಳಿದೆ. ಅದರ ನಾಲ್ಕೂ ಕಾಲಿನ ಸುತ್ತ ನೆಲಕ್ಕೆ ಕೆಂಪು ಬಣ್ಣದ ಗೆರೆ ಎಳೆಸಿದ್ದೇನೆ.