ಗಂಗಮ್ಮ ಇನ್ನೂ ಕಾಯುತ್ತಿದ್ದಾಳೆ

ಚಿಕ್ಕಮಗಳೂರಿನಲ್ಲಿ ಮೂರು ದಿನ ಇದ್ದೆ. ಮುಳ್ಳಯ್ಯನಗಿರಿಯ ಮಂಜು ಚೆನ್ನಾಗಿತ್ತು, ಆದರೆ ಜನ ಜಾಸ್ತಿ, ಹಾರನ್ ಸದ್ದು ಇನ್ನೂ ಜಾಸ್ತಿ. ನನ್ನ ಮನಸ್ಸಿನಲ್ಲಿ ಉಳಿದದ್ದು ಕೊನೆಯ ದಿನ ಒಬ್ಬಳೇ ಹೋದ ಅಯ್ಯನಕೆರೆ.

ಕಡೂರು ಬಸ್ಸಿನಲ್ಲಿ ಸಖರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದೆ. ನೀವು ಹೋದರೆ ಬಾಡಿಗೆ ವಾಪಸ್ ಬಂದ ಮೇಲೇ ಕೊಡಿ. ನಾನು ಎರಡೂ ಕಡೆಯದ್ದು ಮೊದಲೇ ಕೊಟ್ಟುಬಿಟ್ಟೆ. ಚಹಾ ಕುಡಿದು ಬರ್ತೀನಿ ಅಂತ ಹೋದವನು ಬರಲೇ ಇಲ್ಲ. ಕುಡಿಯುವ ನೀರಿನ ಬಾಟಲಿಯೂ ಆಟೋದಲ್ಲೇ ಹೋಯಿತು.

ಏರಿ ಹತ್ತಿದ ಕೂಡಲೇ ಆ ಸಿಟ್ಟು ಇಳಿಯಿತು. ಎದುರಿಗೆ ಶಕುನಗಿರಿ, ಅದರ ಕಾಲ ಬುಡದವರೆಗೂ ನೀರು. ಬಾಬಾಬುಡನ್‌ಗಿರಿ ಸಾಲು ಮಳೆಯನ್ನು ತಡೆಯುವುದರಿಂದ ಕಡೂರು ಕಡೆ ಬರ ಸಾಮಾನ್ಯ. ಅದೇ ಗಿರಿಯಿಂದ ಇಳಿಯುವ ಹಳ್ಳಕ್ಕೆ ಕಟ್ಟೆ ಕಟ್ಟಿ ಮಲೆನಾಡಿನ ಮಳೆಯನ್ನು ಬಯಲಿಗೆ ಉಳಿಸಿಕೊಂಡಿದ್ದಾರೆ. ಕಟ್ಟಿಸಿದ್ದು ರುಕ್ಮಾಂಗದರಾಯ ಎಂಬ ದೊರೆ ಅನ್ನುತ್ತಾರೆ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ದುರಸ್ತಿಯಾಯಿತಂತೆ.

ಏರಿ ಮೇಲೆ ಒಬ್ಬ ಅಜ್ಜ ಗುದ್ದಲಿ ಪಕ್ಕಕ್ಕಿಟ್ಟು ಕೂತಿದ್ದರು. ಬಾಯಾರಿದೆ ಅಂದೆ. ಚೊಂಬು ಕೊಟ್ಟರು. ಅವರ ತಾತ ಕೆರೆ ನೀರು ನೋಡಿಕೊಳ್ಳುವ ನೀರುಗಂಟಿಯಾಗಿದ್ದರಂತೆ.

"ಒಂದು ಸಲ ಏರಿ ಒಡೆಯೋ ಹಾಗಾಯ್ತು ಕಣವ್ವ. ಗಂಗಮ್ಮ ನೀರುಗಂಟಿಗೆ ಕಾಣಿಸ್ಕೊಂಡು, ನಾನು ಹೊರಟೆ ಅಂದ್ಳಂತೆ. ದೊರೆಗೆ ಹೇಳಿ ಬರ್ತೀನಿ, ನಾನು ಬರೋವರೆಗೂ ಇರು ತಾಯಿ ಅಂದ. ಅವಳು ಒಪ್ಪಿದಳು. ದೊರೆ ಕೇಳಿಸ್ಕೊಂಡ. ಇವನು ವಾಪಸ್ ಹೋದರೆ ಕೆರೆ ಹೋಗುತ್ತೆ ಅಂತ ಅವನ ತಲೆ ತೆಗೆಸಿದ. ಗಂಗಮ್ಮ ಇನ್ನೂ ಕಾಯ್ತಾ ಇದ್ದಾಳೆ."

ನನಗೆ ಮಾತು ಹೊರಡಲಿಲ್ಲ. ಕೆರೆ ಉಳಿಯಿತು, ಸರಿ. ಅವನ ಮನೆಯವರಿಗೆ ಏನು ಹೇಳಿದರೋ.

ನೀರುಗಂಟಿಯ ಕೆಲಸ ಏನಿತ್ತು ಅಜ್ಜ, ಅಂತ ಕೇಳಿದೆ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವ ಹೊತ್ತು ನೀರು ಅಂತ ಸರದಿ ನೋಡುವುದು. ಕಾಲುವೆಯ ತುದಿಯಲ್ಲಿರುವ ಗದ್ದೆಗೂ ನೀರು ಮುಟ್ಟಬೇಕು. ನೀರು ಕಮ್ಮಿ ಇದ್ದ ವರ್ಷ ಎಷ್ಟು ಗದ್ದೆ ನಾಟಿ ಮಾಡಬೇಕು ಅಂತ ಎಲ್ಲರೂ ಕೂತು ಮಾತಾಡುತ್ತಿದ್ದರು. ಸಂಬಳ ಇಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಇಷ್ಟು ಕಾಳು.

"ಆಮೇಲೆ ಕೆರೆ ಸರ್ಕಾರದ್ದು ಅಂದರು. ಹೂಳು ತೆಗೆಯೋರೂ ಅವರೇ ಅಂತ ನಾವು ಸುಮ್ನಾದ್ವಿ. ಅದು ನಮ್ಮದೇ ತಪ್ಪು."

ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. 2002ರಲ್ಲಿ ಸರ್ಕಾರದ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆ ಸರಿಪಡಿಸುವ ಯೋಜನೆ ಶುರುವಾದಾಗ ಊರೂರಲ್ಲಿ ಕೆರೆ ಬಳಕೆದಾರರ ಸಂಘ ಮಾಡಿ, ಖರ್ಚಿನಲ್ಲಿ ಊರಿನವರೂ ಪಾಲು ಹಾಕಬೇಕು ಅಂತ ಇಟ್ಟರು. ಕೈಯಿಂದ ಹಾಕಿದ ದುಡ್ಡಿಗೆ ಜನ ಲೆಕ್ಕ ಕೇಳುತ್ತಾರೆ, ಅಲ್ವಾ? ನನಗೆ ಈ ದಾರಿಯೇ ಸರಿ ಅನ್ನಿಸುತ್ತದೆ. ಆದರೆ ಸಂಘ ಇದ್ದರೂ ತೂಬಿನ ಹತ್ತಿರ ದಿನಾ ಹೋಗುವ ಒಬ್ಬ ಮನುಷ್ಯ ಬೇಕು.

ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತೆ ಅಂದೆ. ಅಜ್ಜ ಮೂಡಲಿಗೆ ಕೈ ತೋರಿಸಿದರು. ವೇದಾವತಿ ನದಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ. 1933ರ ನಂತರ ಆ ಜಲಾಶಯ ಮತ್ತೆ ಮೊದಲ ಸಲ ಕೋಡಿ ಬಿದ್ದದ್ದು 2022ರಲ್ಲಿ. "ಅವತ್ತು ನಮಗೂ ಹಬ್ಬ" ಅಂದರು ಅಜ್ಜ.

ಅವರ ಮಗ ಬೈಕಿನಲ್ಲಿ ಸಖರಾಯಪಟ್ಟಣದವರೆಗೆ ಬಿಟ್ಟ. ದುಡ್ಡು ಮುಟ್ಟಲಿಲ್ಲ. ಬಸ್ಸಿನಿಂದಲೇ ಅಪ್ಪನಿಗೆ ಫೋನ್ ಮಾಡಿ, ನಮ್ಮೂರ ಕೆರೆಗೆ ನೀರುಗಂಟಿ ಇದ್ದರಾ ಅಂತ ಕೇಳಿದೆ.

"ಇದ್ದರಲ್ಲ. ಸುಗ್ಗಿಯಲ್ಲಿ ಅವರ ಮನೆಗೆ ರಾಗಿ ಹೊತ್ತುಕೊಂಡು ಹೋಗ್ತಿದ್ದವನು ನಾನೇ."

ಈಗ ತೂಬು ಯಾರು ತೆಗೆಯುತ್ತಾರೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೆಳಿಗ್ಗೆ ಹೋಗಿ ನೋಡಿಕೊಂಡು ಬಂದು ಹೇಳ್ತೀನಿ ಅಂದರು.