ಗೊಬ್ಬರಕ್ಕೂ ಮೊದಲು ಸುಣ್ಣ: ಮಲೆನಾಡಿನ ಹೊಂಡ, ಬಯಲುಸೀಮೆಯ ಹೊಂಡ

ಸಕಲೇಶಪುರದ ಹೊಂಡಕ್ಕೂ ಅರಸೀಕೆರೆಯ ಹೊಂಡಕ್ಕೂ ಬಿಡುವುದು ಅದೇ ಕಾಟ್ಲಾ, ರೋಹು, ಗೆಂಡೆ ಮೀನಿನ ಮರಿಗಳನ್ನೇ. ಆದರೆ ನೀರು ಬೇರೆ. ಮೂಡಿಗೆರೆ, ಸಕಲೇಶಪುರದ ಕಡೆ ವರ್ಷಗಟ್ಟಲೆ ಸುರಿದ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದುಕೊಂಡು ಹೋಗಿದೆ. ಅಲ್ಲಿ ಮಣ್ಣು ಹುಳಿ, ನೀರು ತೀರಾ ಮೃದು. ಕಡೂರು, ಅರಸೀಕೆರೆಯ ಬೋರ್‌ವೆಲ್ ನೀರು ಗಡಸು, ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವಂಥದ್ದು. ಇಬ್ಬರಿಗೂ ಒಂದೇ ಗೊಬ್ಬರದ ಪಟ್ಟಿ ಕೊಟ್ಟರೆ ಒಬ್ಬರ ದುಡ್ಡಂತೂ ಕೆಸರಿಗೆ ಹೋಗುತ್ತದೆ.

ಮೊದಲು ನೋಡಬೇಕಾದದ್ದು ಕ್ಷಾರೀಯತೆ, ಅಂದರೆ ಹುಳಿಯನ್ನು ತಡೆದುಕೊಳ್ಳುವ ನೀರಿನ ಶಕ್ತಿ. ಹನಿ ಹಾಕಿ ಬಣ್ಣ ನೋಡುವ ಕಿಟ್ ಸಾಕು. ಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಗೊಬ್ಬರಕ್ಕೆ ನೀರು ಸ್ಪಂದಿಸುವುದೇ ಇಲ್ಲ. ಹಸಿರು (ಮೀನಿನ ಮೇವಾಗುವ ಪ್ಲಾಂಕ್ಟನ್ ಎಂಬ ಸೂಕ್ಷ್ಮ ಪಾಚಿ) ಕಟ್ಟಲು ಬೇಕಾದ ಇಂಗಾಲ ನೀರಿನಲ್ಲಿರುವುದಿಲ್ಲ, ಪಿಎಚ್ (ಹುಳಿ–ಕ್ಷಾರದ ಅಳತೆ) ಬೆಳಿಗ್ಗೆ ಒಂದು, ಸಂಜೆ ಒಂದು ಆಗುತ್ತದೆ. 40–50 ದಾಟಿದರೆ ಚಿಂತೆಯಿಲ್ಲ.

ಹೆಕ್ಟೇರ್ ಲೆಕ್ಕ ಕೇಳಿ ಗಾಬರಿಯಾಗಬೇಡಿ. ಒಂದು ಹೆಕ್ಟೇರ್ ಅಂದರೆ ಹೆಚ್ಚುಕಡಿಮೆ 100 ಗುಂಟೆ. ಪುಸ್ತಕದ ಅಂಕಿಯನ್ನು ನೂರರಿಂದ ಭಾಗಿಸಿದರೆ ನಮ್ಮ ಗುಂಟೆ ಲೆಕ್ಕ ಸಿಗುತ್ತದೆ. ತಳದ ಮಣ್ಣಿನ ಪಿಎಚ್ 5ಕ್ಕಿಂತ ಕಡಿಮೆ ಇದ್ದರೆ ಗುಂಟೆಗೆ 20 ಕಿಲೋ ಕೃಷಿ ಸುಣ್ಣ (ಸುಡದ ಸುಣ್ಣಕಲ್ಲಿನ ಪುಡಿ), 5ರಿಂದ 6.5ರ ಒಳಗಿದ್ದರೆ 10–12 ಕಿಲೋ, 7ರ ಆಸುಪಾಸಿನಲ್ಲಿದ್ದರೆ 2ರಿಂದ 5 ಕಿಲೋ. ಮಣ್ಣು ಪರೀಕ್ಷೆಗೆ ಕಂದಲಿಯ ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ. ತಳದಲ್ಲಿ ಏಳೆಂಟು ಕಡೆಯಿಂದ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ ಕೊಡಿ. ಒಂದೇ ಮೂಲೆಯ ಹಿಡಿ ಮಣ್ಣು ಸುಳ್ಳು ಹೇಳುತ್ತದೆ.

ಹೊಂಡ ಒಣಗಿದಾಗ ಸುಣ್ಣವನ್ನು ತಳಕ್ಕೂ ದಂಡೆಯ ಒಳಮೈಗೂ ಎರಚುವುದು ಉತ್ತಮ. ಮೀನು ಇರುವಾಗ ಸುಟ್ಟ ಸುಣ್ಣ ಹಾಕಲೇಬೇಡಿ. ಪಿಎಚ್ ಒಮ್ಮೆಲೇ ಏರಿ ಮೀನಿನ ಕಿವಿರು ಸುಡುತ್ತದೆ. ಆಗ ಕೃಷಿ ಸುಣ್ಣ ಅಥವಾ ಡಾಲೊಮೈಟ್ ಮಾತ್ರ. ಡಾಲೊಮೈಟ್‌ನಲ್ಲಿ ಮೆಗ್ನೀಷಿಯಮ್ಮೂ ಇರುವುದರಿಂದ ಮಲೆನಾಡಿನ ನೀರಿಗೆ ಅದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಸುಣ್ಣ ಹಾಕಿ ಹತ್ತು ಹದಿನೈದು ದಿನ ಗೊಬ್ಬರ ಮುಟ್ಟಬೇಡಿ. ಸುಣ್ಣದ ಜೊತೆ ಸೂಪರ್ ಫಾಸ್ಫೇಟ್ ಹಾಕಿದರೆ ರಂಜಕ ಕರಗದ ಪುಡಿಯಾಗಿ ತಳ ಸೇರುತ್ತದೆ, ಯೂರಿಯಾ ಹಾಕಿದರೆ ಅಮೋನಿಯಾ ವಿಷ ಏಳುತ್ತದೆ.

ಸಿಹಿನೀರಿನಲ್ಲಿ ಸಾಮಾನ್ಯವಾಗಿ ಮೊದಲು ಕೊರತೆಯಾಗುವುದು ರಂಜಕ. ನಮ್ಮ ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದು ಕೂರುತ್ತವೆ. ಅದಕ್ಕೇ ಸೂಪರ್ ಫಾಸ್ಫೇಟನ್ನು ಒಣಗಾಳಾಗಿ ಎರಚಬಾರದು, ಕಾಳು ನೇರ ಕೆಸರಿಗೆ ಇಳಿಯುತ್ತದೆ. ಗುಂಟೆಗೆ ತಿಂಗಳಿಗೆ 250 ಗ್ರಾಂನಂತೆ ಬಕೆಟ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿಸಿಲೇರಿದ ಮೇಲೆ ಆ ನೀರನ್ನು ಎಲ್ಲ ಕಡೆ ಚೆಲ್ಲಿ. ಎರಡು ಕಂತು ಮಾಡಿದರೆ ಇನ್ನೂ ಒಳ್ಳೆಯದು. ಯೂರಿಯಾ ತಿಂಗಳಿಗೆ ಗುಂಟೆಗೆ 150–170 ಗ್ರಾಂ. ಅರಸೀಕೆರೆ ಕಡೆಯ ಗಡಸು ನೀರಿನಲ್ಲಿ ಮಧ್ಯಾಹ್ನದ ಪಿಎಚ್ 8.5 ದಾಟುತ್ತಿದ್ದರೆ ಯೂರಿಯಾ ಬಿಟ್ಟುಬಿಡಿ. ಸಗಣಿ ಮರಿ ಬಿಡುವ ಹದಿನೈದು ದಿನ ಮೊದಲು ಗುಂಟೆಗೆ 20–30 ಕಿಲೋ, ಆಮೇಲೆ ತಿಂಗಳಿಗೆ 10 ಕಿಲೋ.

ಇಷ್ಟಾದ ಮೇಲೂ ಕೈ ತಡೆಯಬೇಕಾದ ಹೊತ್ತಿದೆ. 20 ಸೆಂಟಿಮೀಟರ್ ಅಗಲದ ತಟ್ಟೆಗೆ ಕಪ್ಪು ಬಿಳುಪು ಬಳಿದು, ಗುರುತು ಹಾಕಿದ ಹಗ್ಗಕ್ಕೆ ಕಟ್ಟಿ ಇಳಿಬಿಡಿ. ಅದು 25ರಿಂದ 40 ಸೆಂಟಿಮೀಟರಿನಲ್ಲಿ ಮರೆಯಾದರೆ ಸರಿ. 25ಕ್ಕೂ ಮೊದಲೇ ಮರೆಯಾಗಿ ನೀರು ಹಸಿರಾಗಿದ್ದರೆ ಆ ತಿಂಗಳು ಗೊಬ್ಬರ ಬೇಡ, ಇಲ್ಲದಿದ್ದರೆ ನಸುಕಿನಲ್ಲಿ ಮೀನು ಬಾಯಿ ತೆರೆದು ಮೇಲೆ ಬರುತ್ತವೆ. ಮಳೆಗಾಲದ ಕೆಂಪು ನೀರನ್ನು ಈ ತಟ್ಟೆಯಿಂದ ಅಳೆಯಬೇಡಿ, ಅದು ಮಣ್ಣಿನ ಬಣ್ಣ.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡದ ಲೆಕ್ಕವೇ ಬೇರೆ. ಅಲ್ಲಿ ಸುಣ್ಣ ಕುಡಿಯುವ ಮಣ್ಣಿಲ್ಲ, ನೀರನ್ನಷ್ಟೇ ಲೆಕ್ಕಹಾಕಿ: ಒಂದು ಘನ ಮೀಟರಿಗೆ 10 ಗ್ರಾಂ ಕೃಷಿ ಸುಣ್ಣ ಪೂರ್ತಿ ಕರಗಿದರೆ ಕ್ಷಾರೀಯತೆ 10 ಮಿಲಿಗ್ರಾಂ ಏರುತ್ತದೆ. 600 ಘನ ಮೀಟರ್ ನೀರಿರುವ ಹೊಂಡವನ್ನು 15ರಿಂದ 50ಕ್ಕೆ ತರಲು 21 ಕಿಲೋ. ರಂಜಕವನ್ನು ಹಿಡಿದಿಡುವ ಕೆಸರೂ ಇಲ್ಲದ್ದರಿಂದ ಸೂಪರನ್ನು ಅರ್ಧದಿಂದ ಶುರುಮಾಡಿ. ಸಗಣಿಯನ್ನು ಗೋಣಿಚೀಲದಲ್ಲಿ ತುಂಬಿ ಮೂಲೆಯಲ್ಲಿ ಕಟ್ಟಿ. ನೀರು ಕೆಟ್ಟ ದಿನ ಚೀಲ ಎತ್ತಿದರೆ ಮುಗಿಯಿತು.

ಈಗ ಸೂಕ್ಷ್ಮ ಧಾತುಗಳು. ನಮ್ಮಲ್ಲಿ ಇವುಗಳ ಕೊರತೆಗಿಂತ ಹೆಚ್ಚಾಗುವ ಭಯವೇ ದೊಡ್ಡದು. ಕಬ್ಬಿಣ, ಮ್ಯಾಂಗನೀಸ್, ಸತು ಮಣ್ಣಿನಿಂದಲೂ ಸಗಣಿಯಿಂದಲೂ ಬರುತ್ತವೆ. ಕ್ಷಾರೀಯತೆ 15ರಲ್ಲಿ ನಿಂತಿರುವ ಹೊಂಡಕ್ಕೆ ಸೂಕ್ಷ್ಮ ಪೋಷಕಾಂಶದ ಪ್ಯಾಕೆಟ್ ಸುರಿಯುವುದು ಶುದ್ಧ ವ್ಯರ್ಥ.

ಗುಡ್ಡದ ಒರತೆ ನೀರಿನ ಮೇಲೆ ಎಣ್ಣೆಯಂಥ ಪೊರೆ ಕಂಡರೆ ಕಡ್ಡಿ ಆಡಿಸಿ. ಚೂರುಚೂರಾಗಿ ಒಡೆದರೆ ಕಬ್ಬಿಣದ ಬ್ಯಾಕ್ಟೀರಿಯಾ, ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ. ಕಬ್ಬಿಣದ ನೀರು ಗಾಳಿ ತಾಕಿದ ಕೂಡಲೇ ತುಕ್ಕುಬಣ್ಣದ ಗಸಿಯಾಗಿ ಮೀನಿನ ಕಿವಿರಿಗೆ ಮೆತ್ತುತ್ತದೆ. ಕಲ್ಲುಗಳ ಮೇಲೆ ಹರಿಸಿ, ಸಣ್ಣ ಗುಂಡಿಯಲ್ಲಿ ಒಂದು ದಿನ ನಿಲ್ಲಿಸಿ, ತಿಳಿಯನ್ನಷ್ಟೇ ಹೊಂಡಕ್ಕೆ ಬಿಡಿ.

ತಾಮ್ರದ ವಿಷಯದಲ್ಲಿ ಕಾಫಿ ತೋಟದವರು ಕಣ್ಣಲ್ಲಿ ಕಣ್ಣಿಟ್ಟಿರಬೇಕು. ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣದ 200 ಲೀಟರ್ ಡ್ರಮ್ಮಿಗೆ ಮೈಲುತುತ್ತ 2 ಕಿಲೋ, ಅದರಲ್ಲಿ ಕಾಲು ಭಾಗ, ಅಂದರೆ ಅರ್ಧ ಕಿಲೋ ತಾಮ್ರ. ಉಳಿದ 20 ಲೀಟರ್ 600 ಘನ ಮೀಟರಿನ ಹೊಂಡಕ್ಕೆ ಸೇರಿದರೆ ಲೀಟರಿಗೆ 0.08 ಮಿಲಿಗ್ರಾಂ. ಎಲ್ಲ ಒಮ್ಮೆಗೇ ಕರಗದಿದ್ದರೂ ಮೃದು ನೀರಿನಲ್ಲಿ ಇದು ಪ್ಲಾಂಕ್ಟನ್‌ಗೆ ಕುತ್ತು, ಮರಿಗಳಿಗೂ ಅಪಾಯ. ಡ್ರಮ್ಮು, ಪಂಪು ಹೊಂಡದ ದಂಡೆಯಲ್ಲಿ ತೊಳೆಯಬೇಡಿ. ಪಾಚಿ ಸಾಯಿಸಲೆಂದು ಮೈಲುತುತ್ತ ಹಾಕುವವರಿಗೂ ಇದೇ ಮಾತು: ಕ್ಷಾರೀಯತೆ 50ಕ್ಕಿಂತ ಕೆಳಗಿದ್ದರೆ ಮುಟ್ಟಬೇಡಿ. ಕೊಯ್ಲಿನ ಕಾಲದ ಪಲ್ಪಿಂಗ್ ನೀರು (ಕಾಫಿ ಹಣ್ಣಿನ ಸಿಪ್ಪೆ ಸುಲಿದ ನೀರು) ಹುಳಿ, ಅದು ಕೊಳೆಯುವಾಗ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಆ ಕಾಲುವೆಯೂ ಹೊಂಡದ ಕಡೆ ತಿರುಗದಿರಲಿ.

ಮೀನಿಗೆ ರಂಜಕ, ಸತು ಕೊಡಬೇಕಾದ ದಾರಿ ಮೇವು. ತೌಡು, ಕಡಲೆಕಾಯಿ ಹಿಂಡಿಯಲ್ಲಿ ರಂಜಕ ಇದ್ದರೂ ಬಹುಪಾಲು ಫೈಟೇಟ್ ಎಂಬ ಬಿಗಿಯಾಗಿ ಕಟ್ಟಿಕೊಂಡ ರೂಪದಲ್ಲಿದೆ. ಅದನ್ನು ಒಡೆಯುವ ಕಿಣ್ವ ಮೀನಿನಲ್ಲಿ ಸಾಕಷ್ಟಿಲ್ಲ, ಅದು ಜೀರ್ಣವಾಗುವುದಿಲ್ಲ. ನೂರು ಕಿಲೋ ಮೇವಿಗೆ ಒಂದು ಕಿಲೋ ಖನಿಜ ಮಿಶ್ರಣವನ್ನು ಮೊದಲು ಐದು ಕಿಲೋ ತೌಡಿನಲ್ಲಿ ಕಲಸಿ, ಆಮೇಲೆ ಉಳಿದದ್ದಕ್ಕೆ ಬೆರೆಸಿ. ಚೀಲದ ಮೇಲೆ ಮೊನೊ ಕ್ಯಾಲ್ಸಿಯಂ ಫಾಸ್ಫೇಟ್ ಎಂದಿದೆಯೇ ನೋಡಿ. ಜಠರವಿಲ್ಲದ ಗೆಂಡೆಗೆ ಅದರ ರಂಜಕ ಶೇಕಡಾ 90ಕ್ಕೂ ಹೆಚ್ಚು ದಕ್ಕುತ್ತದೆ, ಡೈ ಕ್ಯಾಲ್ಸಿಯಂ ಆದರೆ ಅರ್ಧದಷ್ಟು, ಮೂಳೆಪುಡಿಯಲ್ಲಿರುವ ಟ್ರೈ ಕ್ಯಾಲ್ಸಿಯಂ ತೀರಾ ಕಡಿಮೆ. ದಕ್ಕದ ಸುಣ್ಣದಂಶ ಹೆಚ್ಚಾದರೆ ಅದು ಸತುವನ್ನೂ ಹೀರಿಕೊಳ್ಳದಂತೆ ತಡೆಯುತ್ತದೆ. ಬಲೆಗೆ ಬಿದ್ದ ಗೆಂಡೆಗಳ ಕಣ್ಣಲ್ಲಿ ಬಿಳಿ ಪೊರೆ, ಸವೆದ ರೆಕ್ಕೆ ಕಂಡರೆ, ನೀರಿನ ಜೊತೆಗೆ ಮೇವಿನ ಚೀಲವನ್ನೂ ಪರೀಕ್ಷಿಸಿ.